ಹಣ ಕೊಟ್ಟವರೇ ಫಲಿತಾಂಶವನ್ನೂ ಹೇಳಬಹುದೇ?

ಪ್ರಶ್ನೆ: ಸಂಶೋಧನೆಗೆ ಹಣ ಕೊಡುವುದು ಸರ್ಕಾರ. ಹಾಗಿರುವಾಗ ಸರ್ಕಾರದ ನಿಲುವಿಗೆ ವಿರುದ್ಧವಾದ ಫಲಿತಾಂಶವನ್ನು ವಿಜ್ಞಾನಿಗಳು ಪ್ರಕಟಿಸುವುದು ಉಂಡ ಮನೆಗೆ ಎರಡು ಬಗೆದಂತಲ್ಲವೇ?

ಉತ್ತರ: ಈ ಪ್ರಶ್ನೆಗೆ ಇದು ಎಷ್ಟನೆಯ ಉತ್ತರವೆಂಬ ಲೆಕ್ಕವನ್ನು ನಾನು ಬಿಟ್ಟು ಬಹಳ ದಿನಗಳಾದವು. ಅಲ್ಲ. ಯಾವ ವಿಷಯವನ್ನು ಶೋಧಿಸಬೇಕು, ಅದಕ್ಕೆ ಎಷ್ಟು ಅನುದಾನ ಕೊಡಬೇಕು ಎಂಬುದನ್ನು ಸರ್ಕಾರ ತೀರ್ಮಾನಿಸಲಿ, ತಕರಾರಿಲ್ಲ. ಏನು ಕಂಡುಬರಬೇಕು ಎಂಬುದು ಅದರ ಕೈಯಲ್ಲಿಲ್ಲ. ರಕ್ತಪರೀಕ್ಷೆಗೆ ಹಣ ತೆತ್ತವರು ನೀವೇ ಆದರೂ ವರದಿಯಲ್ಲಿ ಸಕ್ಕರೆಯ ಅಂಶ ಇಷ್ಟೇ ಇರಲಿ ಎಂದು ನೀವು ಹೇಳುವುದಿಲ್ಲ. ಹೇಳಿದಂತೆ ಬರೆದುಕೊಡುವ ಪ್ರಯೋಗಾಲಯವನ್ನು ನಂಬುವುದೂ ಇಲ್ಲ.

ಆದರೂ ‘ಹಣ ಕೊಟ್ಟವರ ಮಾತೇ ನಡೆಯಬೇಕು’ ಎಂಬ ನಂಬಿಕೆ ಅಲುಗಾಡುವುದಿಲ್ಲ. ಅದನ್ನು ಚಾಚೂತಪ್ಪದೆ ಪಾಲಿಸಿದ ದೇಶ ಸೋವಿಯತ್ ಒಕ್ಕೂಟ. ಬೆಳೆಯುವಾಗ ಗಳಿಸಿಕೊಂಡ ಗುಣಗಳು ಸಸ್ಯದ ಮುಂದಿನ ಪೀಳಿಗೆಗೂ ಬರುತ್ತವೆ ಎಂದ ಕೃಷಿವಿಜ್ಞಾನಿ ಟ್ರೋಫಿಮ್ ಲೈಸೆಂಕೊಗೆ ಸ್ಟಾಲಿನ್ನರ ಬೆಂಬಲ ದೊರೆಯಿತು. ಲೈಸೆಂಕೊರನ್ನು ವಿರೋಧಿಸಿದ ತಳಿವಿಜ್ಞಾನಿ ನಿಕೊಲಾಯ್ ವಾವಿಲೋವ್ 1940ರಲ್ಲಿ ಬಂಧನಕ್ಕೊಳಗಾಗಿ, 1943ರಲ್ಲಿ ಸರಾಟೋವ್ ಸೆರೆಮನೆಯಲ್ಲಿ ತೀರಿಕೊಂಡರು. 1948ರ ಆಗಸ್ಟ್‌ನಲ್ಲಿ ಕೃಷಿ ವಿಜ್ಞಾನ ಅಕಾಡೆಮಿಯ ಅಧಿವೇಶನದ ಕೊನೆಯ ದಿನ ಲೈಸೆಂಕೊ, ತಮ್ಮ ವರದಿಯನ್ನು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ಪರಿಶೀಲಿಸಿ ಒಪ್ಪಿದೆ ಎಂದು ಸಾರಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅದುವರೆಗೆ ಪ್ರತಿವಾದ ಹೂಡಿದ್ದವರಲ್ಲಿ ಕೆಲವರು ಅಲ್ಲೇ ತಪ್ಪೊಪ್ಪಿಕೊಂಡರು. ಗಮನಿಸಿ, ಅವರ ಮನಸ್ಸು ತಿರುಗಿದ್ದು ಯಾವ ಹೊಸ ಪ್ರಯೋಗದಿಂದಲೂ ಅಲ್ಲ. ಪ್ರಯೋಗಾಲಯಗಳು ಮುಚ್ಚಿದವು, ಪಠ್ಯಗಳಿಂದ ತಳಿವಿಜ್ಞಾನ ಮಾಯವಾಯಿತು. ತಳಿವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನದಿಂದ ಲೈಸೆಂಕೊ ಇಳಿದದ್ದು 1965ರಲ್ಲಿ. ಗೋಧಿಯ ಪೈರಿಗೆ ಮಾತ್ರ ಕೇಂದ್ರ ಸಮಿತಿಯ ಒಪ್ಪಿಗೆ ತಿಳಿದಿರಲಿಲ್ಲ; ಗಳಿಸಿಕೊಂಡ ಗುಣವನ್ನು ಅದು ಮುಂದಿನ ಪೀಳಿಗೆಗೆ ದಾಟಿಸಲಿಲ್ಲ.

‘ಅದು ಸರ್ವಾಧಿಕಾರದ ಮಾತಾಯಿತು’ ಎನ್ನುವವರು ಬ್ರೆಜಿಲ್ ಕಡೆ ನೋಡಬಹುದು. 2019ರಲ್ಲಿ ಅಮೆಜಾನ್ ಕಾಡುನಾಶದ ಉಪಗ್ರಹ ಮಾಹಿತಿಯನ್ನು ಅಧ್ಯಕ್ಷ ಬೊಲ್ಸೊನಾರೊ ಸುಳ್ಳೆಂದು ಜರೆದಾಗ, ಆ ಮಾಹಿತಿ ಹೊರತಂದ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ನಿರ್ದೇಶಕ ರಿಕಾರ್ಡೊ ಗಾಲ್ವಾವ್ ಬಹಿರಂಗವಾಗಿ ಪ್ರತಿಭಟಿಸಿ ಹುದ್ದೆ ಕಳೆದುಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಅದೇ ಸಂಸ್ಥೆ ಹೊರತಂದ ವಾರ್ಷಿಕ ಲೆಕ್ಕದಲ್ಲಿ ಕಾಡುನಾಶ ಸುಮಾರು 10 ಸಾವಿರ ಚದರ ಕಿಲೋಮೀಟರ್. ಹತ್ತು ವರ್ಷಗಳಲ್ಲೇ ಅತಿ ಹೆಚ್ಚು. ನಿರ್ದೇಶಕರು ಬದಲಾದರೂ ಅಂಕಿ ತಗ್ಗಲಿಲ್ಲ, ಏಕೆಂದರೆ ಅದನ್ನು ಎಣಿಸುವ ಕ್ರಮ ಬದಲಾಗಿರಲಿಲ್ಲ.

ಯಾರೂ ಕೇಳದ ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶೈಕ್ಷಣಿಕ ಸ್ವಾತಂತ್ರ್ಯವೆಂದರೆ ಪ್ರಾಧ್ಯಾಪಕರು ಬಾಯಿಗೆ ಬಂದದ್ದನ್ನು ಹೇಳುವ ಪರವಾನಗಿಯಲ್ಲ. ಭೂಮಿ ಚಪ್ಪಟೆಯೆಂದು ಬೀದಿಯಲ್ಲಿ ಸಾರಲು ವಾಕ್ ಸ್ವಾತಂತ್ರ್ಯ ಸಾಕು. ಅದನ್ನೇ ಭೂಗೋಳದ ತರಗತಿಯಲ್ಲಿ ಪಾಠವಾಗಿ ಹೇಳಿದರೆ ಆ ವಿಷಯ ಬಲ್ಲ ಸಹೋದ್ಯೋಗಿಗಳು ಪುರಾವೆ ಕೇಳಿಯೇ ಕೇಳುತ್ತಾರೆ, ಕೇಳಲೂಬೇಕು. 1915ರಲ್ಲಿ ಅಮೆರಿಕದ ಪ್ರಾಧ್ಯಾಪಕರ ಸಂಘ ಹೊರಡಿಸಿದ ಘೋಷಣೆಯಲ್ಲೂ ಈ ಸ್ವಾತಂತ್ರ್ಯದ ಜೊತೆಗೇ ಹೊಣೆಯನ್ನು ಹೇಳಿದೆ: ಅಧ್ಯಾಪಕರ ತಪ್ಪನ್ನು ತೂಗಬೇಕಾದವರು ಅವರ ವೃತ್ತಿಯವರು, ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟವರಲ್ಲ.