ಶೆಲ್ಟರ್ ಇದ್ದೇ ಇದೆಯಲ್ಲ, ಎಲ್‌ಜಿಬಿಟಿ ಮಕ್ಕಳಿಗೆ ಬೇರೆ ಯಾಕೆ ಬೇಕು?

ಓದುಗರ ಪ್ರಶ್ನೆ: ನ್ಯೂಯಾರ್ಕ್‌ನಲ್ಲಿ ಮನೆ ಇಲ್ಲದವರಿಗೆ ಸಿಟಿಯವರ ಶೆಲ್ಟರ್ ಇದೆ, ಚರ್ಚಿನವರು ನಡೆಸೋದೂ ಇವೆ. ಹಾಗಿರುವಾಗ ಗೇ, ಲೆಸ್ಬಿಯನ್, ಟ್ರಾನ್ಸ್ ಮಕ್ಕಳಿಗೆ ಅಂತಲೇ ಅಲಿ ಫೋರ್ನಿ ಸೆಂಟರ್ ತರದ ಸಂಸ್ಥೆ ಯಾಕೆ? ಹಸಿವು, ಚಳಿ ಎಲ್ರಿಗೂ ಒಂದೇ ಅಲ್ವಾ?

ಉತ್ತರ: ಶೆಲ್ಟರ್ ಇದೆ ಅಂದಿದ್ದು ನಿಜ. 1981ರಲ್ಲಿ ಕೋರ್ಟಲ್ಲಿ ಆದ ಒಂದು ಒಪ್ಪಂದದಿಂದಾಗಿ ಆ ಊರಲ್ಲಿ ಮಲಗೋಕೆ ಜಾಗ ಕೇಳಿ ಬಂದವರಿಗೆ ಕೊಡಲೇಬೇಕು ಅನ್ನೋ ಹಕ್ಕು ಶುರುವಾಯ್ತು, ಅಮೆರಿಕದ ಬೇರೆ ಎಷ್ಟೋ ಊರುಗಳಲ್ಲಿ ಅಷ್ಟೂ ಇಲ್ಲ. ಹಸಿವು ಚಳಿನೂ ಒಂದೇ, ಒಪ್ತೀನಿ. ಆದ್ರೆ ಬಾಗಿಲು ದಾಟಿ ಒಳಗೆ ಹೋದ್ಮೇಲೆ ಏನಾಗತ್ತೆ ನೋಡಿ. ಹದಿನೆಂಟು ಹತ್ತೊಂಬತ್ತರ ಒಂದು ಟ್ರಾನ್ಸ್ ಹುಡುಗಿ (ಹುಟ್ಟಿದಾಗ ಗಂಡು ಅಂದಿದ್ರೂ ತಾನು ಹೆಣ್ಣು ಅಂತ ಬದುಕೋಳು), ಅಪ್ಪ ಬಟ್ಟೆ ಆಚೆ ಎಸೆದಿದ್ದಕ್ಕೆ ಬೀದಿಗೆ ಬಂದವಳು, ರಾತ್ರಿ ಗುರುತು ಪರಿಚಯ ಇಲ್ಲದ ದೊಡ್ಡವರ ಹಾಲ್‌ನಲ್ಲಿ ಸಾಲು ಮಂಚಗಳ ಮಧ್ಯೆ ಮಲಗಬೇಕು, ಅವರ ಜೊತೆನೇ ಸ್ನಾನದ ಕೋಣೆಗೆ ಹೋಗಬೇಕು. ಮನೇಲಿ ಯಾವುದಕ್ಕೆ ಹೊಡೆತ ತಿಂದ್ಲೋ ಅದಕ್ಕೇ ಅಲ್ಲೂ ತಿಂತಾಳೆ. ಒಂದೆರಡು ರಾತ್ರಿ ನೋಡಿ ಹೊರಟುಬಿಡ್ತಾಳೆ, ಸಬ್‌ವೇ ರೈಲಲ್ಲಿ ಕೊನೆ ಸ್ಟೇಷನ್‌ನಿಂದ ಕೊನೆ ಸ್ಟೇಷನ್‌ವರೆಗೆ ಬೆಳಗಿನ ತನಕ ಓಡಾಡೋದೇ ವಾಸಿ ಅನ್ಸುತ್ತೆ. ಆಗ ಲೆಕ್ಕದಲ್ಲಿ ಮಂಚ ಖಾಲಿ ಇದೆ, ಮಗು ಮಾತ್ರ ಬೀದೀಲಿದೆ.

ಅಲಿ ಫೋರ್ನಿ ಅನ್ನೋದು ಒಬ್ಬರ ಹೆಸರು. ಹುಟ್ಟಿದ್ದು 1975ರಲ್ಲಿ, ಕಪ್ಪು ಜನಾಂಗದವರು, ಹದಿಮೂರರ ಸುಮಾರಿಗೇ ಮನೆ ಬಿಟ್ಟುಹೋಯ್ತು. ಕೆಲವೊಮ್ಮೆ ಗಂಡಾಗಿ, ಕೆಲವೊಮ್ಮೆ ಹೆಣ್ಣಾಗಿ ಇರ್ತಿದ್ರು (ಅವನು ಅನ್ಬೇಕಾ ಅವಳು ಅನ್ಬೇಕಾ ಅಂತ ಇಂಗ್ಲಿಷಿನವರು ಒದ್ದಾಡ್ತಾರೆ, ನಮಗೆ ‘ಅವರು’ ಇದೆ, ಗೌರವನೂ ಆಯ್ತು). ಬೀದೀಲೇ ಬದುಕ್ತಾ ಮೈ ಮಾರ್ಕೊಂಡೇ ಹೊಟ್ಟೆ ಹೊರೀತಿದ್ದ ಅಲಿ, ಸೇಫ್‌ಸ್ಪೇಸ್ ಅನ್ನೋ ಕೇಂದ್ರಕ್ಕೆ ಬಂದ್ಮೇಲೆ ತಮ್ಮಂಥ ಮಕ್ಕಳಿಗೆ ಕಾಂಡೋಮ್ ಹಂಚಿ ಎಚ್‌ಐವಿ ಬಗ್ಗೆ ಹೇಳೋ ಕೆಲಸ ಹಿಡಿದ್ರು, ತಮ್ಮ ಗೆಳೆಯರು ಒಬ್ಬೊಬ್ಬರಾಗಿ ಕೊಲೆಯಾಗ್ತಿದ್ದಾಗ ತನಿಖೆ ಮಾಡಿ ಅಂತ ಪೊಲೀಸರ ಬೆನ್ನು ಬಿದ್ರು. 1997ರ ಡಿಸೆಂಬರ್‌ನಲ್ಲಿ ಒಂದು ನಸುಕಿಗೆ ಹಾರ್ಲೆಮ್‌ನ ಫುಟ್‌ಪಾತಲ್ಲಿ ಅವರನ್ನೇ ಯಾರೋ ಗುಂಡಿಟ್ಟು ಕೊಂದ್ರು. ಇಪ್ಪತ್ತೆರಡು ವರ್ಷ. ಕೊಂದವರು ಸಿಗಲೇ ಇಲ್ಲ.

ಆಗ ಸೇಫ್‌ಸ್ಪೇಸ್ ನೋಡ್ಕೊಳ್ತಿದ್ದವರು ಕಾರ್ಲ್ ಸಿಸಿಲಿಯಾನೊ. ಹಗಲು ಊಟ, ಬಟ್ಟೆ, ಮಾತು ಎಲ್ಲ ಕೊಟ್ಟು ಸಂಜೆ ಬಾಗಿಲು ಹಾಕಿದ ಮೇಲೆ ಈ ಮಕ್ಕಳು ಎಲ್ಲಿಗೆ ಹೋಗ್ತಾರೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. 2002ರ ಜೂನ್‌ನಲ್ಲಿ ಮ್ಯಾನ್‌ಹಟನ್‌ನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಆರು ಮಡಿಸೋ ಮಂಚ ಹಾಕಿ ಅಲಿ ಹೆಸರಲ್ಲೇ ಶುರು ಮಾಡಿದ್ರು. ಆರೇ.

ಈಗ ಅಲ್ಲಿ ಕೆಲಸ ಹೇಗೆ ನಡೆಯತ್ತೆ ಅಂದ್ರೆ, ಮೊದಲು ಡ್ರಾಪ್-ಇನ್ ಸೆಂಟರ್, ಅಂದ್ರೆ ಈ ಮಕ್ಕಳಲ್ಲಿ ಯಾರು ಬೇಕಾದ್ರೂ ನೇರ ಒಳಗೆ ಬಂದು ಊಟ ಮಾಡಿ, ಸ್ನಾನ ಮಾಡಿ, ಬಟ್ಟೆ ಒಗೆದು, ಡಾಕ್ಟರ್ ಹತ್ರ ತೋರಿಸ್ಕೋಬಹುದು. ಆಮೇಲೆ ಕೆಲವು ತಿಂಗಳ ತುರ್ತು ವಸತಿ, ಅದಾದ್ಮೇಲೆ ಇನ್ನೂ ಜಾಸ್ತಿ ಕಾಲ ಇರಬಹುದಾದ ಮನೆ, ಅಲ್ಲಿದ್ದುಕೊಂಡೇ ಓದು ಅಥವಾ ಕೆಲಸ. ಇಷ್ಟು ದಿನ ಯಾಕೆ ಬೇಕು ಅಂತ ಕೇಳ್ತೀರ. ರಾತ್ರೋರಾತ್ರಿ ಆಚೆ ಬಿದ್ದ ಮಗು ಬರ್ತ್ ಸರ್ಟಿಫಿಕೇಟು ಹಿಡ್ಕೊಂಡು ಬಂದಿರಲ್ಲ ಅಲ್ವಾ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್ (ಅಲ್ಲಿ ಸರ್ಕಾರ ಕೊಡೋ ನಂಬರ್ ಕಾರ್ಡು) ಅಪ್ಪನ ಬೀರುವಲ್ಲೇ ಇರತ್ತೆ, ಅದಿಲ್ದೆ ಐಡಿ ಇಲ್ಲ, ಐಡಿ ಇಲ್ದೆ ಕೆಲಸ ಇಲ್ಲ, ಕೆಲಸ ಇಲ್ದೆ ಬಾಡಿಗೆ ಎಲ್ಲಿಂದ ಬರ್ಬೇಕು, ಹೈಸ್ಕೂಲು ಅರ್ಧಕ್ಕೇ ನಿಂತಿರತ್ತೆ, ಟ್ರಾನ್ಸ್ ಮಗು ಆದ್ರೆ ಐಡಿಯಲ್ಲಿರೋ ಹೆಸರೇ ಬೇರೆ. ಇದನ್ನೆಲ್ಲ ಒಂದೊಂದಾಗಿ ಬಿಡಿಸೋಕೆ ಪಕ್ಕದಲ್ಲಿ ಒಬ್ಬರು ಕೂತ್ಕೋಬೇಕು, ಅದೂ ನೀನು ಮೊದಲು ಸರಿಹೋಗು ಅಂತ ಬುದ್ಧಿ ಹೇಳದೇ ಇರೋರು.

2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತದ ನೀರು ನುಗ್ಗಿ ಚೆಲ್ಸಿಯಲ್ಲಿದ್ದ ಅವರ ಡ್ರಾಪ್-ಇನ್ ಸೆಂಟರ್ ಪೂರ್ತಿ ಹಾಳಾಯ್ತು. ಆಮೇಲೆ ಅದು ಹೋಗಿದ್ದು ಹಾರ್ಲೆಮ್‌ಗೆ, ಅಲಿ ಪ್ರಾಣ ಬಿಟ್ಟ ಹಾರ್ಲೆಮ್‌ಗೇ, 125ನೇ ಬೀದಿಗೆ, ಮುಂದೆ ಇಪ್ಪತ್ತನಾಲ್ಕು ಗಂಟೆನೂ ತೆರೆದಿರೋ ಹಾಗೆ ಮಾಡಿದ್ರು. ಟಿವಿ ನಟಿ ಬಿಯಾ ಆರ್ಥರ್ 2009ರಲ್ಲಿ ತೀರಿಕೊಂಡಾಗ ಉಯಿಲಲ್ಲಿ ಈ ಸೆಂಟರ್‌ಗೆ 3 ಲಕ್ಷ ಡಾಲರ್ ಬರೆದಿಟ್ಟಿದ್ರು, 2017ರಲ್ಲಿ ಅವರ ಹೆಸರಲ್ಲಿ 18 ಮಕ್ಕಳಿರೋ ಒಂದು ಮನೆ ತೆರೀತು. ಉಯಿಲಿಂದ ಮನೆಗೆ ಎಂಟು ವರ್ಷ, ಅಷ್ಟರಲ್ಲಿ ಹದಿನಾರರ ಮಗುಗೆ ಇಪ್ಪತ್ನಾಲ್ಕು ಆಗಿರತ್ತೆ.

ಇಂಥ ಮಕ್ಕಳು ಅಲ್ಲೊಬ್ಬರು ಇಲ್ಲೊಬ್ಬರು ಇರಬಹುದು ಅನ್ಕೋಬೇಡಿ. ಅಮೆರಿಕದಲ್ಲಿ ಮನೆ ಇಲ್ಲದ ಮಕ್ಕಳಿಗಾಗಿ ಕೆಲಸ ಮಾಡೋ ಸಂಸ್ಥೆಗಳನ್ನ ಕೇಳಿ ಎಲ್‌ಜಿಬಿಟಿ ವಿಷಯದ ಮೇಲೆ ಸಂಶೋಧನೆ ಮಾಡೋ ವಿಲಿಯಮ್ಸ್ ಇನ್‌ಸ್ಟಿಟ್ಯೂಟ್‌ನವರು 2012ರಲ್ಲಿ ಕೊಟ್ಟ ಲೆಕ್ಕದಲ್ಲಿ, ಅಲ್ಲಿಗೆ ಬರೋರಲ್ಲಿ ಸುಮಾರು 40 ಪರ್ಸೆಂಟ್ ಎಲ್‌ಜಿಬಿಟಿ. ಕಾರಣ ಅಂತ ಆ ಸಂಸ್ಥೆಗಳು ಎಲ್ಲಕ್ಕಿಂತ ಹೆಚ್ಚಾಗಿ ಹೇಳಿದ್ದು ಮನೆಯವರೇ ಬೇಡ ಅಂದಿದ್ದು.

ಇದು ಆ ದೇಶದ ಕತೆ ಬಿಡಿ ಅನ್ನೋ ಹಾಗೂ ಇಲ್ಲ. ಪದ್ಮಶ್ರೀ ಬಂದಾಗ ನಾವೆಲ್ಲ ಚಪ್ಪಾಳೆ ಹೊಡೆದ ಮಂಜಮ್ಮ ಜೋಗತಿ ಅವರನ್ನೂ ಚಿಕ್ಕ ವಯಸ್ಸಲ್ಲಿ ಮನೆಯವರು ದೂರ ಮಾಡಿದ್ರು, ವಿಷ ಕುಡಿದು ಬದುಕಿದ್ದು, ಭಿಕ್ಷೆ ಬೇಡಿದ್ದು ಎಲ್ಲ ಅವರೇ ಹೇಳ್ಕೊಂಡಿದ್ದಾರೆ. ಅವರನ್ನ ಹತ್ತಿರ ಕರೆದು ಕುಣಿತ ಕಲಿಸಿದ್ದು ಕಾಳವ್ವ ಜೋಗತಿ, ಅವರೂ ಜೋಗತಿನೇ. ಆ ಮಗು ಯಾಕೆ ಹೀಗಿದೆ ಅಂತ ಕಾಳವ್ವ ಕೇಳಬೇಕಾಗಿರಲಿಲ್ಲ.