ಅರಸು ಮೈಸೂರಿಗೆ ಕೊಟ್ಟಿದ್ದು ಬರೀ ಜಮೀನಲ್ಲ

ಮೈಸೂರಿನ ದೇವರಾಜ ಅರಸು ರಸ್ತೆ ಯಾರಿಗೆ ಗೊತ್ತಿಲ್ಲ? ಹಬ್ಬ ಬಂತೆಂದರೆ ಬಟ್ಟೆಬರೆಗೆ ಅರ್ಧ ಊರು ಅಲ್ಲೇ ಇರುತ್ತದೆ. ಆ ಹೆಸರಿನವರು ಏನು ಮಾಡಿದರು ಎಂದು ಕೇಳಿದರೆ ಬರುವ ಉತ್ತರ ಒಂದೇ: ಉಳುವವನಿಗೆ ಭೂಮಿ ಕೊಡಿಸಿದರು. ಮಾತು ನಿಜ. ಆದರೆ ಆ ಕಾನೂನಿನಿಂದ ಜಾಸ್ತಿ ಬದಲಾದದ್ದು ಕರಾವಳಿ ಮತ್ತು ಮಲೆನಾಡು. ಅರಸು ಹುಟ್ಟಿದ ಮೈಸೂರು ಸೀಮೆಯಲ್ಲಿ ಅವರ ಕೆಲಸದ ಗುರುತು ಬೇರೆ ಕಡೆ ಇದೆ ಅನ್ನುವುದು ನನ್ನ ನಂಬಿಕೆ.

ಅವರು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. 1941ರಲ್ಲಿ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಬಂದರು. 1952ರಲ್ಲಿ ಹುಣಸೂರಿನ ಶಾಸಕರಾದರು. ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯೂ ಆದರು. ಮುಖ್ಯಮಂತ್ರಿ ಕುರ್ಚಿ ಮಾತ್ರ ದೂರವೇ ಇತ್ತು. ಕಾರಣ ಸರಳ. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ ಒಕ್ಕಲಿಗರು. ಏಕೀಕರಣವಾದ ಮೇಲೆ ಬಂದ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ ಲಿಂಗಾಯತರು. ಅರಸು ಸಮುದಾಯಕ್ಕೆ ಅರಮನೆಯ ನಂಟಿತ್ತು, ಓಟಿನ ಬಲ ಇರಲಿಲ್ಲ.

1969ರಲ್ಲಿ ಕಾಂಗ್ರೆಸ್ ಒಡೆಯಿತು. ರಾಜ್ಯದ ದೊಡ್ಡ ನಾಯಕರು ನಿಜಲಿಂಗಪ್ಪನವರ ಜೊತೆ ನಿಂತರು. ಅರಸು ಇಂದಿರಾ ಗಾಂಧಿ ಕಡೆ ಹೋದರು. 1971ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಪಕ್ಷದ ಪಾಲಾದವು. ಮರುವರ್ಷ ವಿಧಾನಸಭೆಯೂ ಸಿಕ್ಕಿತು. ಟಿಕೆಟ್ ಹಂಚುವಾಗ ಅರಸು ಸಣ್ಣ ಸಣ್ಣ ಜಾತಿಯವರನ್ನು ಹುಡುಕಿ ಹುಡುಕಿ ನಿಲ್ಲಿಸಿದ್ದರು. 1972ರ ಮಾರ್ಚ್ 20ರಂದು ಅವರು ಮುಖ್ಯಮಂತ್ರಿಯಾದರು.

ಭೂಸುಧಾರಣೆಯ ಕಾನೂನು ಅವರಿಗಿಂತ ಮೊದಲೇ ಇತ್ತು. 1961ರಲ್ಲೇ ಪಾಸಾಗಿತ್ತು. ಅದರಲ್ಲಿ ಗೇಣಿದಾರ ಮುನ್ಸೀಫ್ ಕೋರ್ಟಿಗೆ ಹೋಗಬೇಕಿತ್ತು. ಬಾಯಿಮಾತಿನ ಗೇಣಿಗೆ ಯಾವ ಕಾಗದ ತೋರಿಸುತ್ತಾನೆ? ವಕೀಲರಿಗೆ ಎಲ್ಲಿಂದ ಫೀಸು ಕೊಡುತ್ತಾನೆ? ಅರಸು ತಂದ ತಿದ್ದುಪಡಿ ಈ ಗಂಟನ್ನೇ ಬಿಚ್ಚಿತು. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರೆ ಸಾಕು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟರು ಇರಲೇಬೇಕು. ವಕೀಲರಿಗೆ ಅಲ್ಲಿ ಪ್ರವೇಶವೇ ಇಲ್ಲ. ಎಂಟು ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದವು.

ಇವುಗಳಲ್ಲಿ ದೊಡ್ಡ ಪಾಲು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆಯದು. ಭೂಸುಧಾರಣೆ ಖಾತೆಯೂ ಕರಾವಳಿಯ ಸುಬ್ಬಯ್ಯ ಶೆಟ್ಟರ ಕೈಯಲ್ಲಿತ್ತು. ನಮ್ಮ ಸೀಮೆಯಲ್ಲಿ ಸ್ವಂತ ಹೊಲ ಉಳುವ ಸಣ್ಣ ರೈತರೇ ಹೆಚ್ಚು. ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಉಳುವವರು ಇದ್ದರು, ಆದರೆ ಕರಾವಳಿಯಷ್ಟಲ್ಲ. ಇಲ್ಲಿನ ಬಡವನ ಕಷ್ಟ ಬೇರೆ: ಸಾಲ, ಜೀತ, ಓದಿಲ್ಲದ ಮಕ್ಕಳು.

ಓದು ಮತ್ತು ಕೆಲಸದ ಪ್ರಶ್ನೆ ಮೈಸೂರಿಗೆ ಹಳೆಯದು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ಅದೇ ವರ್ಷ ಅವರು ಹುದ್ದೆ ಬಿಟ್ಟರು. ಬ್ರಾಹ್ಮಣರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರು ಎನ್ನುವುದು ಮಿಲ್ಲರ್ ಲೆಕ್ಕ. ಅವತ್ತಿಗೆ ಅದು ದೊಡ್ಡ ಹೆಜ್ಜೆಯೇ. ಆದರೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಬಲವಿದ್ದವರು ಮುಂದೆ ಹೋಗುತ್ತಾರೆ, ಅಲ್ವಾ? ಕುಂಬಾರ, ಅಗಸ, ಉಪ್ಪಾರರು ಹಿಂದೆಯೇ ಉಳಿದರು. ಮುಂದೆ ರಾಜ್ಯ ಸರ್ಕಾರ ಶೇ. 68ರಷ್ಟು ಮೀಸಲಾತಿ ಕೊಡಲು ಹೋದಾಗ ಸುಪ್ರೀಂ ಕೋರ್ಟ್ 1962ರ ಬಾಲಾಜಿ ತೀರ್ಪಿನಲ್ಲಿ ಅದನ್ನು ಹೊಡೆದುಹಾಕಿತು. ಜಾತಿಯೊಂದನ್ನೇ ಅಳತೆ ಮಾಡಿಕೊಳ್ಳಬೇಡಿ ಎಂದಿತು.

ಅರಸು 1972ರಲ್ಲಿ ಎಲ್.ಜಿ. ಹಾವನೂರು ಆಯೋಗ ನೇಮಿಸಿದ್ದು ಈ ಹಿನ್ನೆಲೆಯಲ್ಲಿ. ಆಯೋಗ ಸಮೀಕ್ಷೆ ಮಾಡಿಸಿತು. ಯಾವ ಜಾತಿಯ ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ, ಯಾರು ಸರ್ಕಾರಿ ಕೆಲಸದಲ್ಲಿದ್ದಾರೆ ಎಂದು ಅಂಕಿಅಂಶ ಹಾಕಿತು. 1975ರಲ್ಲಿ ವರದಿ ಬಂತು, 1977ರಲ್ಲಿ ಆದೇಶವಾಯಿತು. ಹಿಂದುಳಿದವರನ್ನು ಅದು ಗುಂಪು ಗುಂಪಾಗಿ ಬಿಡಿಸಿಟ್ಟಿತು. ಸಣ್ಣ ಜಾತಿಗಳಿಗೆ ಅವರದೇ ಪಾಲು ಸಿಕ್ಕಿತು. ಲಿಂಗಾಯತರು ಪಟ್ಟಿಯಿಂದ ಹೊರಗುಳಿದರು. ಜೋರು ವಿರೋಧ ಬಂತು. ಒಕ್ಕಲಿಗರು ಒಳಗಿದ್ದರು, ಮಂಡ್ಯದಂಥ ಜಿಲ್ಲೆಗೆ ಅದು ಸಣ್ಣ ವಿಷಯವಲ್ಲ.

ಮೀಸಲಾತಿ ಇದ್ದರೂ ಹಳ್ಳಿ ಹುಡುಗ ಮೈಸೂರಿನಲ್ಲಿ ಎಲ್ಲಿ ಉಳಿಯಬೇಕು, ಏನು ಉಣ್ಣಬೇಕು? ಅದಕ್ಕೇ ಹಾಸ್ಟೆಲುಗಳು. ನನ್ನ ಪ್ರಕಾರ ಅರಸು ಮಾಡಿದ ಕೆಲಸಗಳಲ್ಲಿ ಇದಕ್ಕೆ ಸಲ್ಲಬೇಕಾದ ಮರ್ಯಾದೆ ಇನ್ನೂ ಸಂದಿಲ್ಲ. ಕಾಲೇಜು ಮೆಟ್ಟಿಲು ಹತ್ತಿದ ಮನೆಯ ಮೊದಲ ಹುಡುಗನಿಗೆ ಆ ಅನ್ನ ಎಷ್ಟು ದೊಡ್ಡದು ಎನ್ನುವುದು ಹಸಿದು ಓದಿದವರಿಗೇ ಗೊತ್ತು.

ಜೀತ ಮತ್ತು ಸಾಲದ ವಿಷಯದಲ್ಲೂ ಕಾನೂನು ಬಂತು. ಕೇಂದ್ರದ ಜೀತ ನಿಷೇಧ ಕಾಯ್ದೆ ಹಾಗೂ ರಾಜ್ಯದ ಋಣ ಪರಿಹಾರ ಕಾಯ್ದೆ ಎರಡೂ 1976ರವು. ಹೆಗ್ಗಡದೇವನಕೋಟೆಯಂಥ ಕಡೆ ಜೀತ ಕಾಗದದ ಮೇಲೆ ಹೋದಷ್ಟು ಬೇಗ ಊರಿನಿಂದ ಹೋಗಲಿಲ್ಲ.

ಅರಸು ಆಡಳಿತಕ್ಕೆ ಕಪ್ಪು ಬದಿಯೂ ಇದೆ. ತುರ್ತು ಪರಿಸ್ಥಿತಿಯಲ್ಲಿ ಅವರೇ ಅಧಿಕಾರದಲ್ಲಿದ್ದರು. ಭ್ರಷ್ಟಾಚಾರದ ಆರೋಪಗಳ ಮೇಲೆ 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಗ್ರೋವರ್ ಆಯೋಗ ನೇಮಿಸಿತು. ಅವರನ್ನು ಮೆಚ್ಚುವವರು ಇದನ್ನು ಬಚ್ಚಿಡಬಾರದು. ಆದರೂ 1978ರಲ್ಲಿ ಜನ ಅವರನ್ನು ಮತ್ತೆ ಗೆಲ್ಲಿಸಿದರು. ಅದೇ ವರ್ಷ ಚಿಕ್ಕಮಗಳೂರಿನಿಂದ ಇಂದಿರಾ ಅವರನ್ನು ಲೋಕಸಭೆಗೆ ಕಳಿಸಿದವರೂ ಅರಸು. ಮರುವರ್ಷವೇ ಇಬ್ಬರೂ ಬೇರೆಯಾದರು. 1980ರ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸ್ಥಾನ ಇಂದಿರಾ ಕಡೆ ಹೋದವು. ಅರಸು ರಾಜೀನಾಮೆ ಕೊಟ್ಟರು, ಗುಂಡೂರಾಯರು ಬಂದರು. 1982ರ ಜೂನ್ 6ರಂದು ಅರಸು ತೀರಿಕೊಂಡರು.

ಅವರ ಕೊನೆಯ ವರ್ಷಗಳ ಒಂದು ಕಾನೂನು ಮಾತ್ರ ನಮ್ಮ ಸೀಮೆಯಲ್ಲಿ ಇವತ್ತಿಗೂ ದಿನನಿತ್ಯದ ವಿಷಯ. ಅದೇ ಪಿ.ಟಿ.ಸಿ.ಎಲ್. ಕಾಯ್ದೆ, 1978ರದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದರೆ ವಾಪಸ್ ಕೊಡಿಸಬೇಕು ಎನ್ನುತ್ತದೆ ಅದು. ತುಂಬ ತಡವಾಗಿ ಹಾಕಿದ ಅರ್ಜಿ ನಡೆಯದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎಷ್ಟೋ ಕೇಸು ಬಿದ್ದುಹೋದವು. 2020ರಲ್ಲಿ, ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಭೂಸುಧಾರಣೆ ಕಾನೂನಿನ 79ಎ, 79ಬಿ ಸೆಕ್ಷನ್‌ಗಳನ್ನೂ ತೆಗೆಯಲಾಯಿತು. 2023ರಲ್ಲಿ ವಿಧಾನಮಂಡಲ ಪಿ.ಟಿ.ಸಿ.ಎಲ್. ಕಾಯ್ದೆಗೆ ತಿದ್ದುಪಡಿ ತಂದು, ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದಿತು. ಮಂಜೂರಾದ ಜಮೀನು ಕಳಕೊಂಡ ಕುಟುಂಬಗಳಿಗೆ ಅಸಿಸ್ಟೆಂಟ್ ಕಮಿಷನರ್ ಕೋರ್ಟಿನ ಬಾಗಿಲು ಆಗ ಮತ್ತೆ ತೆರೆದಂತಾಯಿತು.