ಕೂಡಿಟ್ಟ ಕೆನೆ ಹಾಕಿದರೆ ಬೆಳ್ಳುಳ್ಳಿ ಸಾಸ್ ಏಕೆ ಒಡೆಯುತ್ತದೆ?

ಪ್ರಶ್ನೆ: ಕೆನೆ-ಬೆಳ್ಳುಳ್ಳಿ ಸಾಸಿನ ಹುರಿದ ಆಲೂಗಡ್ಡೆ ಮಾಡಲು ಹೊರಟಾಗಲೆಲ್ಲ ಒಂದೇ ಕತೆ. ಆಲೂಗಡ್ಡೆ ಹೇಗೋ ಆಗುತ್ತದೆ. ಫ್ರಿಜ್ಜಿನಲ್ಲಿ ಕೂಡಿಟ್ಟ ಮನೆಯ ಕೆನೆ ಹಾಕಿ ಒಂದು ಕುದಿ ಬರಿಸುವಷ್ಟರಲ್ಲಿ ಸಾಸ್ ಒಡೆದುಹೋಗುತ್ತದೆ. ಮೇಲೆ ಜಿಡ್ಡು, ಕೆಳಗೆ ನೀರು, ನಡುವೆ ಬಿಳಿ ಗಂಟು. ಕೊಟ್ಟಿಗೆಯಲ್ಲಿ ಹಸು ಇದೆ, ಹಾಲಿಗೆ ಕೊರತೆಯಿಲ್ಲ. ಕ್ರೀಮಿನ ಪೊಟ್ಟಣಕ್ಕೆ ಈ ಮಳೆಯಲ್ಲಿ ಪೇಟೆಗೆ ಹೋಗಬೇಕು. ಮನೆಯ ಕೆನೆಯಿಂದ ಈ ಸಾಸ್ ಆಗುವುದೇ ಇಲ್ಲವೇ? (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಆಗುತ್ತದೆ. ಆದರೆ ಬೆಣ್ಣೆಗೆಂದು ಕೂಡಿಟ್ಟ ಕೆನೆಯಿಂದ ಆಗುವುದಿಲ್ಲ. ಅಂದಂದಿನ ಕೆನೆ ಬೇಕು.

ಕೂಡಿಟ್ಟ ಕೆನೆಯ ಪಾತ್ರೆಯ ಮುಚ್ಚಳ ತೆರೆದು ಮೂಸಿ ನೋಡಿ. ನಾಲ್ಕೈದು ದಿನದ್ದಾದರೆ ಸಣ್ಣಗೆ ಹುಳಿ ವಾಸನೆ ಬಂದೇ ಬರುತ್ತದೆ. ಬೆಣ್ಣೆ ಘಮಘಮಿಸಲಿ, ಮಜ್ಜಿಗೆಯೂ ಚೆನ್ನಾಗಿರಲಿ ಎಂದು ನಮ್ಮ ಅನೇಕ ಮನೆಗಳಲ್ಲಿ ಮೊದಲ ದಿನವೇ ಅದಕ್ಕೊಂದು ಚಮಚ ಮೊಸರು ಸೇರಿಸಿರುತ್ತಾರೆ. ಕಡೆಯುವ ಕೆಲಸಕ್ಕೆ ಅದೇ ಸರಿ. ಕುದಿಸುವ ಕೆಲಸಕ್ಕೆ ಆ ಹುಳಿಯೇ ಕಂಟಕ. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಹೆಚ್ಚು. ತಾಜಾ ಹಾಲಿನ ಪಿಎಚ್ ಸುಮಾರು 6.6ರಿಂದ 6.7. ಅದು 4.6ರ ಹತ್ತಿರ ಇಳಿದಾಗ ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್ ಒಂದಕ್ಕೊಂದು ಅಂಟಿಕೊಂಡು ಹೆಪ್ಪಾಗುತ್ತದೆ. ಮೊಸರಾಗುವುದೂ ಹೀಗೆಯೇ. ಬಿಸಿ ಸೇರಿದರೆ ಅಷ್ಟು ಹುಳಿಯೂ ಬೇಕಾಗಿಲ್ಲ. ಬಿಸಿ ಹೆಚ್ಚಿದಷ್ಟೂ ಕಡಿಮೆ ಹುಳಿಗೇ ಒಡೆಯುತ್ತದೆ. ನಾಲಿಗೆಗೆ ತಿಳಿಯದಷ್ಟು ಹುಳಿ ಇದ್ದ ಕೆನೆಯೂ ಬಾಣಲೆಯಲ್ಲಿ ಕೈಕೊಡುವುದು ಇದರಿಂದಲೇ. ನಿನ್ನೆ ಸಂಜೆಯ ಹಾಲು ಹೊರಗೆ ಚೆನ್ನಾಗಿಯೇ ಇದ್ದು ಒಲೆಯ ಮೇಲೆ ಒಡೆಯುವುದನ್ನು ಎಲ್ಲರೂ ನೋಡಿದ್ದೇವಲ್ಲ, ಇದೂ ಅದೇ.

ಇನ್ನೊಂದು ತೊಡಕೂ ಇದೆ. ಅಡುಗೆ ಪುಸ್ತಕಗಳು ಹೇಳುವ ಕ್ರೀಮ್ ಮತ್ತು ಕಾದಾರಿದ ಹಾಲಿನ ಮೇಲೆ ಕಟ್ಟುವ ನಮ್ಮ ಕೆನೆ ಒಂದೇ ಪದಾರ್ಥವಲ್ಲ. ಅದು ಹಸಿ ಹಾಲನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಬೇರ್ಪಡಿಸಿದ ದ್ರವ. ನಮ್ಮದು ಬಿಸಿಗೆ ಗಟ್ಟಿಯಾದ ಪ್ರೋಟೀನಿನ ಪದರ, ಅದರೊಳಗೆ ಸಿಕ್ಕಿಬಿದ್ದ ಕೊಬ್ಬು. ಹಾಗಾಗಿ ಎಷ್ಟೇ ತಾಜಾ ಇದ್ದರೂ ನೇರವಾಗಿ ಸಾಸಿಗೆ ಹಾಕಿದರೆ ಚೂರುಚೂರಾಗಿ ತೇಲುತ್ತದೆ. ಅದು ಒಡೆದದ್ದಲ್ಲ, ಕರಗದೆ ಉಳಿದದ್ದು.

ಪೊಟ್ಟಣದ ಕ್ರೀಮ್ ತಂದರೂ ನಿಶ್ಚಿಂತೆಯಿಂದ ಇರುವಂತಿಲ್ಲ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಸಣ್ಣ ಪೊಟ್ಟಣದಲ್ಲಿ ಕೊಬ್ಬು ಶೇಕಡ 25. ವಿದೇಶಿ ಪಾಕವಿಧಾನಗಳಲ್ಲಿ ಕ್ರೀಮನ್ನು ಕೊತಕೊತ ಕುದಿಸಿ ಇಂಗಿಸುತ್ತಾರಲ್ಲ, ಅದು ಶೇಕಡ 35ಕ್ಕಿಂತ ಹೆಚ್ಚು ಕೊಬ್ಬಿನದು. ಕೊಬ್ಬು ಹೆಚ್ಚಿದ್ದಲ್ಲಿ ಪ್ರೋಟೀನ್ ಕಡಿಮೆ. ಅದು ಕುದಿಯನ್ನು ತಾಳಿಕೊಳ್ಳುತ್ತದೆ. ಅವರನ್ನು ನೋಡಿ ಶೇಕಡ 25ರದ್ದನ್ನು ಕುದಿಸುತ್ತ ನಿಂತರೆ ದುಡ್ಡು ಕೊಟ್ಟು ತಂದದ್ದೂ ಒಡೆದೀತು.

ಹಾಗಾದರೆ ದಾರಿ ಯಾವುದು? ಸಾಸಿನ ಭಾರವನ್ನು ಕೆನೆಯ ಮೇಲೆ ಹೊರಿಸದೆ ಹಾಲು ಮತ್ತು ಮೈದಾದ ಮೇಲೆ ಹೊರಿಸುವುದು. ಕೆನೆ ಕೊನೆಯಲ್ಲಿ, ರುಚಿಗೆ ಮಾತ್ರ. ಹಿಟ್ಟಿನ ಪಿಷ್ಟ ಬಿಸಿಗೆ ಉಬ್ಬಿ ಹಾಲನ್ನು ಮಂದ ಮಾಡುತ್ತದೆ, ಪ್ರೋಟೀನಿನ ಕಣಗಳು ಒಂದಕ್ಕೊಂದು ತಾಗಿ ಗಂಟಾಗದಂತೆ ತಡೆಯುತ್ತದೆ. ಇದು ಅಗ್ಗದ ಉಪಾಯ ಎಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ.

ಅರ್ಧ ಕಿಲೋ ಆಲೂಗಡ್ಡೆಯ ಲೆಕ್ಕ ಹೇಳುತ್ತೇನೆ. ಬೆಳಿಗ್ಗೆ ಒಂದು ಲೀಟರ್ ಹಾಲನ್ನು ಉಕ್ಕು ಬರಿಸಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಟ್ಟು ಇಳಿಸಿ. ಪೂರ್ತಿ ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಸಂಜೆಗೆ ಮೇಲೆ ಕಟ್ಟಿದ ಕೆನೆಯನ್ನಷ್ಟೇ ತೆಗೆದು, ಅದಕ್ಕೆ ಎರಡು ಮೂರು ಚಮಚ ಅದೇ ಹಾಲು ಸೇರಿಸಿ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ. ಎರಡೇ ಸುತ್ತು, ಮೈಮರೆತರೆ ಬೆಣ್ಣೆ ತೇಲುತ್ತದೆ. ಚಹಾ ಸೋಸುವ ಜಾಲರಿಯಲ್ಲಿ ಹಾಯಿಸಿಬಿಟ್ಟರೆ ನುಣ್ಣಗಾಗುತ್ತದೆ.

ಅನುಮಾನವಿದ್ದರೆ ಮೊದಲೇ ಪರೀಕ್ಷಿಸಬಹುದು. ಒಗ್ಗರಣೆ ಸೌಟಿನಲ್ಲಿ ಒಂದು ಚಮಚ ಕೆನೆ, ಎರಡು ಚಮಚ ಹಾಲು ಹಾಕಿ ಉರಿಯ ಮೇಲೆ ಹಿಡಿಯಿರಿ. ಕುದಿ ಬಂದಾಗ ಸೌಟಿನ ಅಂಚಿನಲ್ಲಿ ರವೆಯಂಥ ಕಾಳು ಕಂಡರೆ ಆ ಕೆನೆ ಸಾಸಿಗೆ ಬೇಡ. ಡೇರಿಗಳಲ್ಲಿ ಹಾಲಿನ ತಾಜಾತನ ನೋಡಲು ಚೂರು ಹಾಲನ್ನು ಕಾಯಿಸಿ ನೋಡುವ ಪದ್ಧತಿಯೂ ಇದೇ. ಹೋಗುವುದು ಒಂದು ಚಮಚ, ಉಳಿಯುವುದು ಇಡೀ ಬಾಣಲೆ.

ಈಗ ಬೆಳ್ಳುಳ್ಳಿ. ನಾಟಿ ಬೆಳ್ಳುಳ್ಳಿಯ ಸಣ್ಣ ಎಸಳಾದರೆ ಹದಿನೈದು, ದಪ್ಪದ್ದಾದರೆ ಎಂಟು. ಹಸಿಯಾಗಿ ಜಜ್ಜಿ ಹಾಲಿಗೆ ಹಾಕಬೇಡಿ. ಬೆಳ್ಳುಳ್ಳಿಯ ಘಾಟು ಇಡಿಯ ಎಸಳಿನಲ್ಲಿ ಇರುವುದಿಲ್ಲ. ಕತ್ತರಿಸಿದಾಗ, ಜಜ್ಜಿದಾಗ ಒಳಗಿನ ಕಿಣ್ವ ಕೆಲಸ ಮಾಡಿ ಅಲಿಸಿನ್ ಎಂಬ ವಸ್ತು ಹುಟ್ಟಿದ ಮೇಲೆ ಬರುತ್ತದೆ. ಇಡೀ ಎಸಳನ್ನು ಬೇಯಿಸಿದರೆ ಆ ಕಿಣ್ವ ಬಿಸಿಗೆ ಸತ್ತು, ಖಾರದ ಬದಲು ಸಿಹಿ ಉಳಿಯುತ್ತದೆ. ಎರಡು ಚಮಚ ಬೆಣ್ಣೆಯಲ್ಲಿ, ತೀರಾ ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ ಹತ್ತು ಹನ್ನೆರಡು ನಿಮಿಷ ಬಿಡಿ. ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಅಮುಕಬೇಕು, ಬಣ್ಣ ಒಣಹುಲ್ಲಿನಷ್ಟೇ ಇರಬೇಕು. ಕಂದು ತಿರುಗಿದರೆ ಕಹಿ, ಆ ಕಹಿಯನ್ನು ಯಾವ ಕೆನೆಯೂ ಮುಚ್ಚುವುದಿಲ್ಲ. ನೀವು ಕೂಡಿಟ್ಟ ಕೆನೆಯ ಉಪಯೋಗ ಇಲ್ಲಿದೆ ನೋಡಿ: ಅದನ್ನು ಕಡೆದು ಬೆಣ್ಣೆ ತೆಗೆದು, ಚೆನ್ನಾಗಿ ತೊಳೆದು ಬಳಸಿ. ಒಡೆಯಬಲ್ಲ ಪ್ರೋಟೀನ್ ಬಹುಪಾಲು ಮಜ್ಜಿಗೆಯ ಜೊತೆ ಹೋಗಿರುತ್ತದೆ.

ಬೆಂದ ಎಸಳನ್ನು ಅದೇ ಬೆಣ್ಣೆಯಲ್ಲಿ ಸೌಟಿನ ಬೆನ್ನಿನಿಂದ ಅರೆಯಿರಿ. ಒಂದು ದೊಡ್ಡ ಚಮಚ ಮೈದಾ ಹಾಕಿ, ಹಸಿ ವಾಸನೆ ಹೋಗುವವರೆಗೆ ಒಂದೆರಡು ನಿಮಿಷ ಕೈಯಾಡಿಸಿ. ಕಾಲು ಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಕಲಕಿದರೆ ಗಂಟಾಗುವುದಿಲ್ಲ. ಸೌಟಿನ ಬೆನ್ನಿಗೆ ಹತ್ತುವಷ್ಟು ಮಂದವಾದಾಗ ಉಪ್ಪು ಹಾಕಿ, ಉರಿ ಆರಿಸಿ, ಒಂದು ನಿಮಿಷ ಕಾದು ಕೆನೆ ಸೇರಿಸಿ. ಇಲ್ಲಿಂದ ಮುಂದೆ ಕುದಿ ಬೇಡ. ಕಾಳುಮೆಣಸನ್ನು ಆಗಲೇ ಕುಟ್ಟಿ ಉದುರಿಸಿ. ತೋಟದ ಮೆಣಸು ಮನೆಯಲ್ಲಿರುವಾಗ ಪೊಟ್ಟಣದ ಪುಡಿಗೆ ಕೈ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿಂಬೆ ಬೇಕೆನಿಸಿದರೆ ಸಾಸಿಗೆ ಹಿಂಡದೆ, ಬಡಿಸಿದ ಮೇಲೆ ತಟ್ಟೆಯಲ್ಲಿ ನಾಲ್ಕು ಹನಿ.

ಆಲೂಗಡ್ಡೆ ಹೇಗೋ ಆಗುತ್ತದೆ ಎಂದಿದ್ದೀರಿ. ಅದನ್ನು ಹೇಗೋ ಆಗಲು ಬಿಡಬೇಡಿ. ಹೊರಗೆ ಗರಿಗರಿಯಾಗಬೇಕಾದರೆ ಮೇಲ್ಮೈಯ ನೀರು ಹೋಗಬೇಕು. ನೀರಿರುವ ತನಕ ಅಲ್ಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ, ಕೆಂಪಗಾಗಲು ಸುಮಾರು 140 ಡಿಗ್ರಿ ಬೇಕು. ದೊಡ್ಡ ಹೋಳು ಮಾಡಿ ತಣ್ಣೀರಿಗೇ ಹಾಕಿ, ಉಪ್ಪು ಮತ್ತು ಲೀಟರಿಗೆ ಕಾಲು ಚಮಚ ಅಡುಗೆ ಸೋಡಾ ಸೇರಿಸಿ ಬೇಯಿಸಿ. ಸೋಡಾದ ಕ್ಷಾರಕ್ಕೆ ಹೋಳಿನ ಹೊರಮೈ ಸಡಿಲವಾಗುತ್ತದೆ. ನೀರು ಬಸಿದು, ಪಾತ್ರೆಯಲ್ಲೇ ಐದು ನಿಮಿಷ ಹಬೆಯಾಡಲು ಬಿಟ್ಟು, ಮುಚ್ಚಳ ಹಿಡಿದು ನಾಲ್ಕು ಬಾರಿ ಕುಲುಕಿ. ಅಂಚೆಲ್ಲ ತರಿತರಿಯಾಗಿ, ಹಿಟ್ಟು ಮೆತ್ತಿದಂತೆ ಕಾಣಬೇಕು. ಆ ತರಿಯೇ ಮುಂದೆ ಗರಿಯಾಗುವುದು. ಓವನ್ ಇದ್ದರೆ ಎಣ್ಣೆ ಸವರಿ 220 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ, ನಡುವೆ ಒಮ್ಮೆ ಮಗುಚಿ. ಇಲ್ಲದಿದ್ದರೆ ದೋಸೆಯ ಕಬ್ಬಿಣದ ಕಾವಲಿ ಸಾಕು. ಧಾರಾಳವಾಗಿ ಎಣ್ಣೆ ಬಿಟ್ಟು ಒಂದೇ ಪದರಕ್ಕೆ ಹರಡಿ, ಒಂದೊಂದು ಮಗ್ಗುಲಿಗೂ ಐದಾರು ನಿಮಿಷ ಮುಟ್ಟದೆ ಬಿಡಿ. ಬಚ್ಚಲೊಲೆಯ ಕೆಂಡದಲ್ಲಿ ಗೆಣಸು, ಹಲಸಿನ ಬೀಜ ಸುಟ್ಟು ತಿಂದವರಿಗೆ ಕಾಯುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಹಾಸನ ಸೀಮೆಯ ಹೊಸ ಬೆಳೆಯ ಎಳೆ ಆಲೂಗಡ್ಡೆಯಲ್ಲಿ ನೀರು ಹೆಚ್ಚು. ಬಲಿತು ಸಿಪ್ಪೆ ದಪ್ಪಗಾದದ್ದನ್ನು ಆರಿಸಿ. ಫ್ರಿಜ್ಜಿನಲ್ಲಿ ಇಟ್ಟದ್ದು ಬೇಡ. ಚಳಿಗೆ ಪಿಷ್ಟ ಸಕ್ಕರೆಯಾಗಿ, ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ.

ಸಾಸನ್ನು ಆಲೂಗಡ್ಡೆಯ ಮೇಲೆ ಸುರಿಯುವ ರೂಢಿಯನ್ನು ಮಾತ್ರ ದಯವಿಟ್ಟು ಬಿಡಿ. ತಟ್ಟೆಯಲ್ಲಿ ಮೊದಲು ಸಾಸ್ ಹರಡಿ, ಅದರ ಮೇಲೆ ಹೋಳು ಇಡಿ. ಅಡಿ ನೆನೆದು, ತಲೆ ಗರಿಗರಿಯಾಗಿಯೇ ಉಳಿಯುತ್ತದೆ. ಆಗುಂಬೆಯ ಮಳೆಗಾಲದಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುವಾಗ, ಹುರಿದ ಆಲೂಗಡ್ಡೆ ಸಾಸಿನಲ್ಲಿ ಮುಳುಗಿ ಗರಿಯಾಗಿರಲಿ ಎಂದರೆ ಹೇಗೆ? ಉಣ್ಣುವವರು ಕೂತ ಮೇಲೇ ಜೋಡಿಸಿ.

ಇಷ್ಟಾಗಿಯೂ ಒಡೆದರೆ ಎರಡು ಸ್ಥಿತಿ. ಜಿಡ್ಡು ಮಾತ್ರ ಬೇರೆಯಾಗಿದ್ದರೆ ಉರಿಯಿಂದ ಇಳಿಸಿ, ಎರಡು ಚಮಚ ತಣ್ಣನೆಯ ಹಾಲು ಬಿಟ್ಟು ಜೋರಾಗಿ ಕಡೆಯಿರಿ, ಕೂಡಿಕೊಳ್ಳುತ್ತದೆ. ಬಿಳಿ ಕಾಳು ಕಟ್ಟಿದ್ದರೆ ಅದು ಮರಳಿ ಕರಗದು. ಚೆಲ್ಲಬೇಡಿ, ಚಪಾತಿ ಹಿಟ್ಟಿಗೆ ನೀರಿನ ಬದಲು ಹಾಕಿ ಕಲಸಿ. ಬೆಳ್ಳುಳ್ಳಿ, ಮೆಣಸು ಎಲ್ಲ ಸೇರಿ ಚಪಾತಿ ಮೃದುವಾಗಿ ಬರುತ್ತದೆ. ಸರಿಯಾಗಿ ಬಂದ ಸಾಸ್ ಉಳಿದರೆ ಮರುದಿನ ಬೆಳಿಗ್ಗೆ ಒಂದು ಸೌಟು ಹಾಲು ಬೆರೆಸಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬಿಸಿ ಕಡುಬಿನ ಜೊತೆ ತಿಂದು ನೋಡಿ. ಉಳಿದ ಆಲೂಗಡ್ಡೆಗೆ ಒಣ ಕಾವಲಿಯೇ ಸರಿ.